ತೆಳುಗಾಳಿಯ ಓಟ ಮತ್ತು ನಮ್ಮ ಕರಾವಳಿಯ ಮಕ್ಕಳು

ನೌಕರಿಯ ನಿಮಿತ್ತ ಧಾರವಾಡ, ಹಾವೇರಿ, ಗದಗಗಳ ಕಡೆಯಿಂದ ಘಟ್ಟವಿಳಿದು ಬಂದು ಕಾರವಾರ, ಅಂಕೋಲೆಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಹಲವು. ಬಯಲುಸೀಮೆಯ ಗಾಳಿಗೆ ಒಗ್ಗಿದ ಹಿರಿಯರು ಇಲ್ಲಿನ ಸೆಕೆಯನ್ನೂ ಬೆವರನ್ನೂ ಮೊದಮೊದಲು ಹಳಿಯುತ್ತಾರೆ. ಆದರೆ ಮಕ್ಕಳು ಮಾತ್ರ ಬಂದ ವಾರದೊಳಗೇ ಕಡಲನ್ನು ತಮ್ಮದಾಗಿಸಿಕೊಂಡು ಬಿಡುತ್ತಾರೆ. ಬೆಳಗಿನ ಆರು ಗಂಟೆಗೆ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತರೆ, ನೀರಿಳಿದ ಹಸಿ ಮರಳಿನ ಮೇಲೆ ಬರಿಗಾಲಿನಲ್ಲಿ ಓಡುವ ಬಾಲಕ ಬಾಲಕಿಯರ ಸಾಲನ್ನು ಕಾಣಬಹುದು. ಕೆಲವರು ಸೈನ್ಯದ ಭರತಿಗೆ, ಕೆಲವರು ಪೊಲೀಸು ಪರೀಕ್ಷೆಗೆ, ಇನ್ನು ಕೆಲವರು ಶಾಲೆಯ ಕ್ರೀಡಾಕೂಟಕ್ಕೆ ಸಿದ್ಧರಾಗುತ್ತಿರುವವರು.

ಅಂಥದೊಂದು ಬೆಳಗಿನಲ್ಲಿ ಹಾವೇರಿಯ ಕಡೆಯ ಬಂಧುವೊಬ್ಬರು ನಮಗೆ ಎದುರಾದರು. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. 400 ಮೀಟರ್ ಓಟದಲ್ಲಿ ತಾಲೂಕು ಮಟ್ಟವನ್ನು ದಾಟಿದವಳು. ತಂದೆಯ ಕೈಯಲ್ಲಿ ರಬ್ಬರಿನ ಕಪ್ಪು ಮುಖವಾಡವೊಂದಿತ್ತು. ಮೂಗು ಬಾಯಿಗಳನ್ನು ಮುಚ್ಚುವ, ಸಣ್ಣ ಕಿಂಡಿಗಳುಳ್ಳ ವಸ್ತು. ಯಾರೋ ಹೇಳಿದರೆಂದು ಸಾವಿರಾರು ರೂಪಾಯಿ ತೆತ್ತು ತರಿಸಿದ್ದರು.

“ಇದನ್ನ ಹಾಕ್ಕೊಂಡು ಓಡಿದ್ರ ದೊಡ್ಡ ಗುಡ್ಡದ ಮ್ಯಾಲ ಓಡಿದಂಗ ಆಗ್ತೈತಿ ಅಂತಾರ್ರೀ. ಆಕಿಗೆ ಕಡೀ ನೂರು ಮೀಟರಿನಾಗ ದಮ್ಮು ಹತ್ತತೈತಿ. ಇದರಿಂದ ದಮ್ಮು ಬೆಳೀತೈತೇನ್ರೀ?” ಎಂದು ಅವರು ಕೇಳಿದರು.

ಮಗಳು ಏನೂ ಹೇಳದೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿದ್ದುದನ್ನು ನಾವು ಗಮನಿಸಿದೆವು. ತಂದೆಯ ಪ್ರಶ್ನೆ ಸರಳವಾದುದು; ಆದರೆ ಅದರ ಹಿಂದೆ ಐವತ್ತಕ್ಕೂ ಹೆಚ್ಚು ವರುಷಗಳ ವಿಜ್ಞಾನವಿದೆ, ಅದಕ್ಕಿಂತ ಮಿಗಿಲಾಗಿ ಒಬ್ಬ ಹುಡುಗಿಯ ಆರೋಗ್ಯವಿದೆ. ಆದುದರಿಂದಲೇ ಈ ವಿಷಯವನ್ನು ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ನಮಗೆ ತೋರಿತು.

ಗಾಳಿ ತೆಳುವಾಗುವುದೆಂದರೇನು?

ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಕಾರವಾರದ ದಂಡೆಯಲ್ಲಿಯೂ ಹಿಮಾಲಯದ ನೆತ್ತಿಯಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ ಆಮ್ಲಜನಕ ಸುಮಾರು 21 ಪಾಲೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡವು 3,000 ಮೀಟರ್ ಎತ್ತರದಲ್ಲಿ ಅದರ ಸುಮಾರು ನೂರಕ್ಕೆ 70ರಷ್ಟಕ್ಕೆ ಇಳಿಯುತ್ತದೆ. ಒಂದು ಉಸಿರಿಗೆ ಅಷ್ಟೇ ಗಾತ್ರದ ಗಾಳಿ ಒಳಹೋದರೂ ಅದರಲ್ಲಿನ ಆಮ್ಲಜನಕದ ಕಣಗಳು ಕಡಿಮೆ. ರಕ್ತಕ್ಕೆ ಸೇರುವುದೂ ಕಡಿಮೆ.

ಈ ಕೊರತೆಗೆ ದೇಹವು ತನ್ನದೇ ರೀತಿಯಲ್ಲಿ ಉತ್ತರ ಕೊಡುತ್ತದೆ. ಮೊದಲ ದಿನವೇ ಉಸಿರು ಮತ್ತು ಎದೆಬಡಿತ ಹೆಚ್ಚುತ್ತವೆ. ಬಳಿಕ ಮೂತ್ರಪಿಂಡಗಳು ಎರಿತ್ರೋಪೊಯೆಟಿನ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದರ ಪ್ರೇರಣೆಯಿಂದ ಮೂಳೆಯ ಮಜ್ಜೆಯು ಹೆಚ್ಚು ಕೆಂಪು ರಕ್ತಕಣಗಳನ್ನು ನಿರ್ಮಿಸುತ್ತದೆ. ಇದಕ್ಕೆ ವಾರಗಳೇ ಬೇಕು. ಕಬ್ಬಿಣಾಂಶವೂ ಬೇಕು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದಕ್ಕೆ ಮರಳುತ್ತೇವೆ.

ನಮ್ಮ ನಾಡಿನಲ್ಲಿ ಅಂಥ ಎತ್ತರ ಎಲ್ಲಿದೆ? ಧಾರವಾಡವು ಏಳುನೂರು ಮೀಟರಿಗೆ ತುಸು ಮೇಲೆ, ಬೆಂಗಳೂರು ಸುಮಾರು 920 ಮೀಟರ್. ಇವು ಈ ಲೆಕ್ಕಕ್ಕೆ ಎತ್ತರವೇ ಅಲ್ಲ. ಉತ್ತರ ಕನ್ನಡದ ಘಟ್ಟಗಳೂ ಇದರಲ್ಲಿ ಸೇರಲಾರವು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ನೆರೆಯ ಊಟಿಯು ಸುಮಾರು 2,240 ಮೀಟರ್ ಎತ್ತರದಲ್ಲಿದ್ದು, ದೂರದ ಓಟಗಾರರ ರಾಷ್ಟ್ರೀಯ ಶಿಬಿರಗಳು ಅಲ್ಲಿ ನಡೆದದ್ದುಂಟು. ಹಿಮಾಚಲ ಪ್ರದೇಶದ ಶಿಲಾರೂವಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಇದೇ ಉದ್ದೇಶದ ತರಬೇತಿ ಕೇಂದ್ರವನ್ನು ನಿರ್ಮಿಸಿದೆ.

ಮೆಕ್ಸಿಕೋ ಕಲಿಸಿದ ಪಾಠ

ಊಟಿಯಷ್ಟೇ ಎತ್ತರದಲ್ಲಿರುವ ಮೆಕ್ಸಿಕೋ ನಗರದಲ್ಲಿ 1968ರ ಒಲಿಂಪಿಕ್ ಕೂಟ ನಡೆಯಿತು. ತೆಳುಗಾಳಿಯು ಓಟಗಾರರಿಗೆ ಏನು ಮಾಡುತ್ತದೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು ಅಲ್ಲಿಯೇ. ಅಮೆರಿಕದ ಜಿಮ್ ಹೈನ್ಸ್ 100 ಮೀಟರನ್ನು 9.95 ಸೆಕೆಂಡುಗಳಲ್ಲಿ ಓಡಿದರು. ಟಾಮಿ ಸ್ಮಿತ್ 200 ಮೀಟರನ್ನು 19.83ರಲ್ಲಿ, ಲೀ ಇವಾನ್ಸ್ 400 ಮೀಟರನ್ನು 43.86ರಲ್ಲಿ ಮುಗಿಸಿದರು. ಬಾಬ್ ಬೀಮನ್ 8.90 ಮೀಟರ್ ದೂರ ಜಿಗಿದರು. ಎಲ್ಲವೂ ಆಗಿನ ವಿಶ್ವದಾಖಲೆಗಳು.

ಆದರೆ ಅದೇ ಮೈದಾನದಲ್ಲಿ 10,000 ಮೀಟರ್ ಓಟವನ್ನು ಗೆದ್ದ ಕೀನ್ಯಾದ ನಫ್ತಾಲಿ ತೆಮು ತೆಗೆದುಕೊಂಡ ಕಾಲ 29 ನಿಮಿಷ 27.4 ಸೆಕೆಂಡು. ಆಗಿನ ವಿಶ್ವದಾಖಲೆಗಿಂತ ಅದು ಒಂದೂಮುಕ್ಕಾಲು ನಿಮಿಷಕ್ಕೂ ಹೆಚ್ಚು ನಿಧಾನ. ಆ ದಾಖಲೆಯ ಒಡೆಯರಾಗಿದ್ದ ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿಮುಟ್ಟಿ ಅಲ್ಲಿಯೇ ಕುಸಿದು ಬಿದ್ದರು. ಅವರಿಗೆ ಆಮ್ಲಜನಕ ಕೊಡಬೇಕಾಯಿತು.

ಒಂದೇ ಗಾಳಿ ಒಬ್ಬರಿಗೆ ವರವೂ ಇನ್ನೊಬ್ಬರಿಗೆ ಶಾಪವೂ ಆದದ್ದು ಹೇಗೆ? ನೂರು ಮೀಟರಿನ ಓಟಗಾರನು ಹತ್ತು ಸೆಕೆಂಡಿನಲ್ಲಿ ಗುರಿಮುಟ್ಟುತ್ತಾನೆ. ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಶಕ್ತಿಯೇ ಅವನಿಗೆ ಬಹುತೇಕ ಸಾಕು. ಆಮ್ಲಜನಕಕ್ಕಾಗಿ ಅವನು ಕಾಯುವುದಿಲ್ಲ. ತೆಳುಗಾಳಿ ಎದೆಗೊಡ್ಡುವ ತಡೆಯೂ ಕಡಿಮೆಯಾದ್ದರಿಂದ ಅವನಿಗೆ ಲಾಭವೇ ಆಯಿತು. ದೂರ ಹೆಚ್ಚಿದಂತೆ ಲೆಕ್ಕ ತಿರುಗುತ್ತದೆ. ಆಸ್ಟ್ರೇಲಿಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಳತೆಯಂತೆ ಆಮ್ಲಜನಕದ ಮೂಲಕ ದೊರೆಯುವ ಶಕ್ತಿಯ ಪಾಲು 200 ಮೀಟರಿನಲ್ಲಿ ನೂರಕ್ಕೆ 29, 400 ಮೀಟರಿನಲ್ಲಿ 43, 800 ಮೀಟರಿನಲ್ಲಿ 66, 1,500 ಮೀಟರಿನಲ್ಲಿ 84. ನಮ್ಮ ಹುಡುಗಿಯ 400 ಮೀಟರ್ ಓಟವು ಹೀಗೆ ಎರಡು ದೋಣಿಗಳ ಮೇಲೆ ಕಾಲಿಟ್ಟ ಓಟ. ಕೊನೆಯ ನೂರು ಮೀಟರಿನಲ್ಲಿ ದಮ್ಮು ಕಟ್ಟುವುದು ಇದಕ್ಕಾಗಿಯೇ.

ಪ್ರಯೋಗಗಳು ಏನು ಹೇಳುತ್ತವೆ?

ಮೆಕ್ಸಿಕೋ ಕೂಟದ ಬಳಿಕ ಎತ್ತರದ ತರಬೇತಿಯ ಅಧ್ಯಯನ ವೇಗವಾಗಿ ಬೆಳೆಯಿತು. 1997ರಲ್ಲಿ ಅಮೆರಿಕದ ಬೆಂಜಮಿನ್ ಲೆವಿನ್ ಮತ್ತು ಜೇಮ್ಸ್ ಸ್ಟ್ರೇ-ಗುಂಡರ್ಸನ್ ಎಂಬ ವೈದ್ಯರು ಓಟಗಾರರನ್ನು ನಾಲ್ಕು ವಾರ 2,500 ಮೀಟರ್ ಎತ್ತರದಲ್ಲಿ ವಾಸಕ್ಕಿರಿಸಿ, ಅಭ್ಯಾಸಕ್ಕೆ ಮಾತ್ರ 1,250 ಮೀಟರಿಗೆ ಇಳಿಸಿದರು. ಅವರ 5,000 ಮೀಟರ್ ಓಟದ ಕಾಲ ಸರಾಸರಿ ಹದಿಮೂರು ಸೆಕೆಂಡಿನಷ್ಟು ಕಡಿಮೆಯಾಯಿತು. ಎತ್ತರದಲ್ಲಿ ಮಲಗು, ತಗ್ಗಿನಲ್ಲಿ ಓಡು ಎಂಬುದು ಇದರ ಸಾರ. ಎತ್ತರದಲ್ಲಿ ಪೂರ್ಣ ವೇಗದಿಂದ ಓಡಲಾಗದೆ ಕಾಲುಗಳು ವೇಗವನ್ನೇ ಮರೆಯುವ ಅಪಾಯವಿದೆ. ಅದನ್ನು ತಪ್ಪಿಸುವ ಉಪಾಯವಿದು.

ಇದು ದೂರದ ಓಟಗಾರರ ಮಾತಾಯಿತು. ವೇಗದ ಓಟಗಾರರಿಗಾಗಿ ಬೇರೊಂದು ಕ್ರಮವು 2010ರ ಬಳಿಕ ಹೆಸರಿಗೆ ಬಂದಿತು. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದ ರಫಾಯೆಲ್ ಫೈಸ್, ಗ್ರೆಗ್ವಾರ್ ಮಿಯೇ ಮೊದಲಾದವರು 2013ರಲ್ಲಿ ಸೈಕಲ್ ಸವಾರರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. 3,000 ಮೀಟರ್ ಎತ್ತರದ ಗಾಳಿಗೆ ಸಮನಾಗುವಂತೆ ಆಮ್ಲಜನಕ ತಗ್ಗಿಸಿದ ಕೋಣೆಯಲ್ಲಿ ಒಂದು ಗುಂಪು, ಸಾಮಾನ್ಯ ಗಾಳಿಯಲ್ಲಿ ಇನ್ನೊಂದು ಗುಂಪು ನಾಲ್ಕು ವಾರಗಳಲ್ಲಿ ಎಂಟು ಸಲ ಅಭ್ಯಾಸ ಮಾಡಿದವು. ಹತ್ತು ಸೆಕೆಂಡು ಪೂರ್ಣ ಬಲದ ತುಳಿತ, ಇಪ್ಪತ್ತು ಸೆಕೆಂಡು ಬಿಡುವು. ಮತ್ತೆ ತುಳಿತ, ಮತ್ತೆ ಬಿಡುವು. ಒಂದೊಂದು ತುಳಿತದ ಬಲ ಎರಡೂ ಗುಂಪಿನವರಲ್ಲಿ ಸರಿಸುಮಾರು ಒಂದೇ ಪ್ರಮಾಣದಲ್ಲಿ ಬೆಳೆಯಿತು. ಆದರೆ ಬಳಲಿ ನಿಲ್ಲುವ ಮೊದಲು ಎಷ್ಟು ಸಲ ತುಳಿಯಬಲ್ಲರೆಂಬ ಲೆಕ್ಕದಲ್ಲಿ ತೆಳುಗಾಳಿಯ ಗುಂಪು ಸುಮಾರು ಒಂಬತ್ತರಿಂದ ಹದಿಮೂರಕ್ಕೆ ಏರಿತು. ಇನ್ನೊಂದು ಗುಂಪು ಇದ್ದಲ್ಲಿಯೇ ಉಳಿಯಿತು.

ಇದಕ್ಕೆ ವಿಜ್ಞಾನಿಗಳು ಕೊಡುವ ಕಾರಣ ಸ್ವಾರಸ್ಯವಾಗಿದೆ. ಒಂದು ವೇಗದೋಟಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಸ್ನಾಯುಗಳು ಖರ್ಚಾದ ಶಕ್ತಿಯನ್ನು ಮತ್ತೆ ಕೂಡಿಸಿಕೊಳ್ಳಬೇಕು. ಈ ಕೆಲಸಕ್ಕೆ ಆಮ್ಲಜನಕ ಬೇಕು. ಅದು ಕಡಿಮೆ ಬಿದ್ದಾಗ ಸ್ನಾಯುಗಳ ಸಣ್ಣ ರಕ್ತನಾಳಗಳು ಹೆಚ್ಚು ಅಗಲವಾಗಿ ತೆರೆದುಕೊಂಡು ಹೆಚ್ಚು ರಕ್ತವನ್ನು ಹರಿಯಗೊಡುತ್ತವೆ. ಈ ಅಭ್ಯಾಸ ಸಮುದ್ರಮಟ್ಟಕ್ಕೆ ಬಂದ ಮೇಲೆಯೂ ಉಪಯೋಗಕ್ಕೆ ಬರುತ್ತದೆ ಎಂಬುದು ಅವರ ಊಹೆ. ಹಾಕಿ, ಫುಟ್‌ಬಾಲ್, ಕಬಡ್ಡಿಗಳಂತೆ ಮತ್ತೆ ಮತ್ತೆ ಧಾವಿಸಿ ನಿಲ್ಲಬೇಕಾದ ಆಟಗಳಿಗೆ ಇದರ ಪ್ರಯೋಜನ ಹೆಚ್ಚೆಂದು ಕಾಣುತ್ತದೆ. ಒಂದೇ ಸಲ ಓಡಿ ಮುಗಿಸುವ ನೂರು ಮೀಟರಿಗೆ ಅಷ್ಟಿಲ್ಲ.

ಆದರೆ ಈ ಮಾತನ್ನು ಎಲ್ಲರೂ ಒಪ್ಪಿಲ್ಲ. 2017ರಲ್ಲಿ ಮೊಂಟೆರೊ ಮತ್ತು ಲುಂಡ್ಬಿ ಎಂಬ ಸಂಶೋಧಕರು, ಯಾರು ಯಾವ ಗಾಳಿಯನ್ನು ಉಸಿರಾಡುತ್ತಿದ್ದಾರೆಂಬುದು ಓಟಗಾರನಿಗಾಗಲಿ ಅಳೆಯುವವನಿಗಾಗಲಿ ತಿಳಿಯದಂತೆ ಏರ್ಪಾಟು ಮಾಡಿ ಇಂಥದೇ ಪರೀಕ್ಷೆ ನಡೆಸಿದರು. ತೆಳುಗಾಳಿಯ ಅಭ್ಯಾಸದಿಂದ ಹೆಚ್ಚಿನ ಲಾಭವೇನೂ ಅವರಿಗೆ ಕಾಣಲಿಲ್ಲ. ವಿಶೇಷ ತರಬೇತಿ ಸಿಗುತ್ತಿದೆ ಎಂಬ ನಂಬಿಕೆಯೇ ಮನುಷ್ಯನಿಂದ ಹೆಚ್ಚು ಕೆಲಸ ಮಾಡಿಸಬಲ್ಲದಲ್ಲವೇ? ಒಟ್ಟಿನಲ್ಲಿ ಹೇಳಬಹುದಾದುದಿಷ್ಟು: ಲಾಭವಿದ್ದರೆ ಅದು ಚಿಕ್ಕದು. ಬೆಳೆದು ಬಲಿತ, ವರ್ಷಗಟ್ಟಲೆ ಅಭ್ಯಾಸ ಮಾಡಿ ಬೇರೆಲ್ಲ ದಾರಿಗಳನ್ನೂ ಮುಗಿಸಿದ ಆಟಗಾರರಿಗೆ ಅದು ಕೊನೆಯ ಮೆಟ್ಟಿಲು, ಮೊದಲ ಮೆಟ್ಟಿಲಲ್ಲ.

ಇನ್ನು ಮುಖವಾಡದ ಮಾತು. ಅದು ಗಾಳಿಯೊಳಗಿನ ಆಮ್ಲಜನಕದ ಒತ್ತಡವನ್ನು ಎತ್ತರದ ಬೆಟ್ಟದಂತೆ ಇಳಿಸುವುದಿಲ್ಲ. ಉಸಿರಿನ ದಾರಿಯನ್ನು ಇಕ್ಕಟ್ಟು ಮಾಡುತ್ತದೆ, ಅಷ್ಟೆ. ಅದರಿಂದ ಉಸಿರಾಟದ ಸ್ನಾಯುಗಳಿಗೆ ತುಸು ವ್ಯಾಯಾಮವಾಗಬಹುದು. ಆದರೆ ಅದನ್ನು ಧರಿಸಿ ಓಡಿದವರು ಬೆಟ್ಟದ ಮೇಲೆ ವಾಸಿಸಿದವರಂತೆ ಆಗುವುದಿಲ್ಲ. ಬಾಗಿಲು ಸಂದಿಯಿಂದ ಉಸಿರಾಡಿದವನು ಬೆಟ್ಟ ಹತ್ತಿದ ಹಾಗಾಯಿತೇ?

ಸಿದ್ದಿ ಮಕ್ಕಳ ಕಥೆ

ವೇಗದ ಓಟದ ಮಾತು ಬಂದಾಗ ಈ ಜಿಲ್ಲೆಯ ಒಂದು ಹಳೆಯ ಪ್ರಸಂಗವನ್ನು ನೆನೆಯದೆ ಮುಂದೆ ಹೋಗಲಾಗದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ತಾಲೂಕುಗಳ ಕಾಡಿನಂಚಿನಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಅನೇಕರು ಗುಲಾಮರಾಗಿ ಕರೆತರಲ್ಪಟ್ಟವರ ಸಂತತಿ ಅವರದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಕ್ರೀಡಾ ಯೋಜನೆಯಡಿ ಸಿದ್ದಿ ಬಾಲಕ ಬಾಲಕಿಯರನ್ನು ಆಯ್ದು ವಸತಿ, ಊಟ, ತರಬೇತಿಗಳನ್ನು ಕೊಟ್ಟಿತು. ಆಫ್ರಿಕದ ಮೂಲದವರೆಂದ ಮೇಲೆ ಓಟ ಇವರ ರಕ್ತದಲ್ಲಿಯೇ ಇರಬೇಕೆಂಬುದು ಅದರ ಹಿಂದಿನ ಎಣಿಕೆ. ಕಮಲಾ ಬಾಬು ಸಿದ್ದಿಯವರಂಥ ಹರ್ಡಲ್ಸ್ ಓಟಗಾರ್ತಿಯರು ಆ ಯೋಜನೆಯಿಂದ ಹೊರಬಂದರು. 1993ರಲ್ಲಿ ಯೋಜನೆಯು ನಿಂತುಹೋಯಿತು. ಅರಳುತ್ತಿದ್ದ ಮಕ್ಕಳು ಕಾಡಿನ ಹಾಡಿಗಳಿಗೆ ಮರಳಿದರು.

ಆ ಎಣಿಕೆಯಲ್ಲಿ ಒಂದು ಗೊಂದಲವಿತ್ತು. ಕೀನ್ಯಾದ ಓಟಗಾರರು ಹೆಸರುವಾಸಿಯಾದದ್ದು ದೂರದ ಓಟಗಳಲ್ಲಿ. ಅವರ ತವರಾದ ಇಟೆನ್ ಪಟ್ಟಣ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ವೇಗದ ಓಟದ ತವರಾದ ಜಮೈಕದ ರಾಜಧಾನಿ ಕಿಂಗ್‌ಸ್ಟನ್ ಇರುವುದು ಕಡಲ ದಂಡೆಯಲ್ಲಿ. ಉಸೇನ್ ಬೋಲ್ಟ್ 9.58 ಸೆಕೆಂಡಿನ ದಾಖಲೆಯನ್ನು 2009ರಲ್ಲಿ ಬರೆದದ್ದು ಸಮುದ್ರಮಟ್ಟಕ್ಕೆ ಹತ್ತಿರವಿರುವ ಬರ್ಲಿನಿನಲ್ಲಿ. ಮೆಕ್ಸಿಕೋದ ತೆಳುಗಾಳಿಯ ಸಹಾಯ ಅವರಿಗೆ ಬೇಕಾಗಲಿಲ್ಲ. ನಮ್ಮ ಪಿ. ಟಿ. ಉಷಾ ಓಡಿ ಬೆಳೆದದ್ದೂ ಇದೇ ಅರಬ್ಬೀ ಸಮುದ್ರದ ಪಯ್ಯೋಳಿಯ ಮರಳಿನ ಮೇಲೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 55.42 ಸೆಕೆಂಡಿನಲ್ಲಿ ಓಡಿ, ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಪದಕ ಕಳೆದುಕೊಂಡರು.

ಸಿದ್ದಿ ಮಕ್ಕಳಿಗೆ ಕೊರತೆಯಾದದ್ದು ರಕ್ತವೂ ಅಲ್ಲ, ಗಾಳಿಯೂ ಅಲ್ಲ. ಆರು ವರ್ಷ ದೊರೆತ ಹೊಟ್ಟೆತುಂಬ ಊಟ, ಗುರು ಮತ್ತು ಮೈದಾನ ಏಳನೆಯ ವರ್ಷ ದೊರೆಯಲಿಲ್ಲ. ಓಟಗಾರನನ್ನು ಬೆಳೆಸುವುದು ಕಡಿಯದೆ ನಡೆಯುವ ಆರೈಕೆಯೆಂಬುದನ್ನು ಈ ಜಿಲ್ಲೆಯು ತನ್ನ ಮಕ್ಕಳ ಬದುಕಿನಿಂದಲೇ ಕಲಿಯಬೇಕಾಯಿತು.

ರಕ್ತದೊಳಗಿನ ಕೊರತೆ

ಈಗ ಮತ್ತೆ ಆ ಹುಡುಗಿಯ ಕಡೆಗೆ ಬರೋಣ. ಅವಳ ಬಿಳಿಚಿದ ಮುಖವನ್ನು ಕಂಡ ನಾವು ತಂದೆಗೆ ಒಂದೇ ಮಾತು ಹೇಳಿದೆವು: ಮುಖವಾಡವನ್ನು ಕಟ್ಟುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿರಿ. ಅವರು ಮಾಡಿಸಿದರು. ಹಿಮೋಗ್ಲೋಬಿನ್ 9.4 ಗ್ರಾಂ ಬಂದಿತು. ಅವಳ ವಯಸ್ಸಿನ ಹುಡುಗಿಗೆ ಅದು 12ಕ್ಕಿಂತ ಕೆಳಗಿರಬಾರದು.

ಇದರ ಅರ್ಥವೇನೆಂಬುದನ್ನು ಓದುಗರು ಸ್ವಲ್ಪ ಲೆಕ್ಕಹಾಕಿ ನೋಡಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. ಹನ್ನೆರಡು ಗ್ರಾಂ ಇರುವ ಆರೋಗ್ಯವಂತ ಹುಡುಗಿಯ ನೂರು ಮಿಲಿಲೀಟರ್ ರಕ್ತ ಸುಮಾರು 16 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಈ ಹುಡುಗಿಯದು ಹನ್ನೆರಡೂವರೆಯಷ್ಟು ಮಾತ್ರ. ಐದರಲ್ಲಿ ಒಂದು ಪಾಲಿಗೂ ಹೆಚ್ಚು ಖೋತಾ. ಆರೋಗ್ಯವಂತ ಹುಡುಗಿಯೊಬ್ಬಳು ಊಟಿಗೆ ಹೋಗಿ ನಿಂತರೂ ಅವಳ ರಕ್ತದಲ್ಲಿ ಇಷ್ಟು ಕೊರತೆಯಾಗುವುದಿಲ್ಲ. ಎಂದರೆ, ಕಾರವಾರದ ಸಮುದ್ರಮಟ್ಟದಲ್ಲಿ ನಿಂತುಕೊಂಡೇ ಈ ಮಗಳು ಊಟಿಗಿಂತ ಎತ್ತರದ ಬೆಟ್ಟದ ಮೇಲೆ ದಿನವೂ ಓಡುತ್ತಿದ್ದಳು! ಅದರ ಮೇಲೆ ಅವಳ ಉಸಿರಿನ ದಾರಿಯನ್ನೂ ಇಕ್ಕಟ್ಟು ಮಾಡಲು ಹೊರಟಿದ್ದರು.

ನಿಜವಾದ ಬೆಟ್ಟದ ಮೇಲೆ ಇದ್ದರೂ ಅವಳಿಗೆ ಪ್ರಯೋಜನವಾಗುತ್ತಿರಲಿಲ್ಲ. ಎತ್ತರವು ಹೊಸ ರಕ್ತಕಣಗಳನ್ನು ಕಟ್ಟೆಂದು ದೇಹಕ್ಕೆ ಆಜ್ಞೆ ಮಾಡುತ್ತದೆ. ಕಟ್ಟಲು ಕಬ್ಬಿಣವಿಲ್ಲದಿದ್ದರೆ ಆಜ್ಞೆ ವ್ಯರ್ಥ. ಆದುದರಿಂದಲೇ ಎತ್ತರದ ಶಿಬಿರಗಳಿಗೆ ಆಟಗಾರರನ್ನು ಕಳುಹಿಸುವ ಮೊದಲು ಅವರ ದೇಹದ ಕಬ್ಬಿಣದ ಸಂಗ್ರಹವನ್ನು ಪರೀಕ್ಷಿಸುವುದು ವಾಡಿಕೆ.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 48ರಷ್ಟು. ನಮ್ಮ ಅನುಕೂಲಸ್ಥ ಮನೆಗಳೂ ಇದಕ್ಕೆ ಹೊರತಲ್ಲ. ಋತುಸ್ರಾವ ಆರಂಭವಾದ, ಬೆಳೆಯುವ, ಅದರ ಮೇಲೆ ಓಟದ ಅಭ್ಯಾಸವನ್ನೂ ಮಾಡುವ ಹುಡುಗಿಗೆ ಕಬ್ಬಿಣ ಬೇಕಾಗುವುದು ಹೆಚ್ಚು, ಸಿಗುವುದು ಕಡಿಮೆ.

ಶಾಕಾಹಾರದ ಮನೆಗಳಲ್ಲಿ ಈ ವಿಷಯಕ್ಕೆ ಇನ್ನಷ್ಟು ಗಮನ ಬೇಕು. ಧಾನ್ಯ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣಾಂಶವಿದ್ದರೂ ಅದು ಮಾಂಸಾಹಾರದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಇದಕ್ಕೆ ನಮ್ಮ ಅಡಿಗೆಮನೆಯಲ್ಲಿಯೇ ಉಪಾಯವಿದೆ. ಹುರುಳಿ, ಹೆಸರು, ಕಡಲೆ, ಎಳ್ಳು, ರಾಜಗಿರಿ, ನುಗ್ಗೆಸೊಪ್ಪುಗಳ ಜೊತೆಗೆ ನಿಂಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಪೇರಲಹಣ್ಣನ್ನೋ ಸೇರಿಸಿಕೊಂಡರೆ ಕಬ್ಬಿಣ ಹೆಚ್ಚಾಗಿ ಹೀರಲ್ಪಡುತ್ತದೆ. ಮೊಳಕೆ ಬರಿಸಿದ ಕಾಳೂ ಒಳ್ಳೆಯದು. ಊಟದ ಜೊತೆಗೆ ಅಥವಾ ಊಟವಾದೊಡನೆ ಚಹಾ ಕುಡಿಯುವ ರೂಢಿಯನ್ನು ಮಾತ್ರ ಬಿಡಬೇಕು; ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಆ ಹುಡುಗಿಯು ಬೆಳಗಿನ ರೊಟ್ಟಿಯೊಡನೆಯೂ ರಾತ್ರಿಯ ಊಟದ ಮೇಲೆಯೂ ಚಹಾ ಕುಡಿಯುತ್ತಿದ್ದಳೆಂದು ಅವಳ ತಾಯಿ ಹೇಳಿದರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು, ಹೊಟ್ಟೆ ತೊಳಸುತ್ತದೆಂದು ಚೀಲದಲ್ಲಿಟ್ಟು ಮರೆಯುತ್ತಿದ್ದಳಂತೆ. ರಕ್ತಹೀನತೆ ಆಗಲೇ ಬಂದಿದ್ದರೆ ಆಹಾರವೊಂದೇ ಸಾಲದು. ವೈದ್ಯರ ಸಲಹೆಯಂತೆ ಔಷಧ ಬೇಕು. ಪರೀಕ್ಷೆಯಿಲ್ಲದೆ ಕಬ್ಬಿಣದ ಗುಳಿಗೆಗಳನ್ನು ತಾವಾಗಿಯೇ ನುಂಗುವುದೂ ತಪ್ಪು.

ಇನ್ನೊಂದು ಎಚ್ಚರಿಕೆ. ಕುಡಗೋಲು ರಕ್ತಕಣ ರೋಗದ ಗುಣವನ್ನು ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದವರು ನೋಡಲು ಪೂರ್ಣ ಆರೋಗ್ಯವಂತರಾಗಿರುತ್ತಾರೆ. ಆದರೆ ಬಿಡುವಿಲ್ಲದ ವೇಗದೋಟ, ಸೆಕೆ, ಎತ್ತರ ಇವು ಒಟ್ಟಾದಾಗ ಅಂಥವರು ಕುಸಿದು ಪ್ರಾಣಾಪಾಯಕ್ಕೆ ಸಿಲುಕಬಹುದು. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಡೇಲ್ ಲಾಯ್ಡ್ ಹೀಗೆ ತೀರಿಕೊಂಡ ಬಳಿಕ ಅಲ್ಲಿನ ಕಾಲೇಜು ಆಟಗಾರರಿಗೆ ಈ ಪರೀಕ್ಷೆ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಕುಡಗೋಲು ರಕ್ತಕಣ ರೋಗದ ನಿರ್ಮೂಲನ ಅಭಿಯಾನ 2023ರ ಜುಲೈ 1ರಂದು ಆರಂಭವಾಗಿದ್ದು, ಕರ್ನಾಟಕವೂ ಅದರ ವ್ಯಾಪ್ತಿಯಲ್ಲಿದೆ. ಬುಡಕಟ್ಟು ಜನರಲ್ಲಿ ಈ ಗುಣ ಹೆಚ್ಚಾಗಿ ಕಾಣುವುದರಿಂದ ಅವರ ಮಕ್ಕಳನ್ನು ಓಟಕ್ಕೆ ಆಯ್ದುಕೊಳ್ಳುವ ಶಿಕ್ಷಕರು ಇದನ್ನು ತಿಳಿದಿರಬೇಕು.

ನೀರಿನೊಳಗೆ ಉಸಿರು ಹಿಡಿಯುವವರಿಗೆ

ದಮ್ಮು ಬೆಳೆಸಲು ಉಸಿರು ಬಿಗಿಹಿಡಿಯುವ ಅಭ್ಯಾಸ ಹೊಸದಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದ ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್, ಮರದಿಂದ ಮರಕ್ಕೆ ಉಸಿರು ಹಿಡಿದು ನಡೆದು ಕೊನೆಗೆ ಒಮ್ಮೆ ಎಚ್ಚರತಪ್ಪಿ ಬಿದ್ದರೆಂದು ಹೇಳುತ್ತಾರೆ. ಅವರು ಬಿದ್ದದ್ದು ನೆಲದ ಮೇಲೆ. ನಮ್ಮ ಭಯವಿರುವುದು ನೀರಿನ ಬಗ್ಗೆ.

ಕಾಳಿ, ಗಂಗಾವಳಿ ನದಿಗಳ ದಂಡೆಯಲ್ಲಿ, ಬೇಲೇಕೇರಿ, ಕೇಣಿಯ ಕಡಲಲ್ಲಿ ಹುಡುಗರು ಯಾರು ಹೆಚ್ಚು ಹೊತ್ತು ಮುಳುಗಿರುವರೆಂದು ಪಂಥ ಕಟ್ಟುತ್ತಾರೆ. ಮುಳುಗುವ ಮೊದಲು ಹತ್ತಾರು ಸಲ ಜೋರಾಗಿ ಉಸಿರಾಡಿಕೊಳ್ಳುತ್ತಾರೆ. ಹೀಗೆ ಮಾಡಿದರೆ ಆಮ್ಲಜನಕ ತುಂಬಿಕೊಳ್ಳುತ್ತದೆಂಬುದು ಅವರ ತಿಳಿವಳಿಕೆ. ಆದರೆ ಅದರಿಂದ ಆಮ್ಲಜನಕ ಹೆಚ್ಚುವುದು ಅತ್ಯಲ್ಪ. ಹೊರಟುಹೋಗುವುದು ಇಂಗಾಲದ ಡೈಆಕ್ಸೈಡ್. ‘ಉಸಿರು ತೆಗೆದುಕೋ’ ಎಂದು ಮೆದುಳಿಗೆ ಗಂಟೆ ಬಾರಿಸುವುದು ಆ ಅನಿಲವೇ. ಗಂಟೆ ಬಾರಿಸುವವನನ್ನೇ ಹೊರಗಟ್ಟಿದ ಮೇಲೆ, ಉಸಿರು ಬೇಕೆಂಬ ಅರಿವು ಬರುವ ಮೊದಲೇ ಆಮ್ಲಜನಕ ಮುಗಿದು ಹುಡುಗನು ನೀರಿನೊಳಗೆ ಎಚ್ಚರತಪ್ಪುತ್ತಾನೆ. ಈಜು ಬಲ್ಲವನೂ ಸದ್ದಿಲ್ಲದೆ ಮುಳುಗುವುದು ಹೀಗೆ. ಓಟದ ದಮ್ಮು ಬೆಳೆಸುವ ಹೆಸರಿನಲ್ಲಿ ಯಾವ ಮಗುವೂ ನೀರಿನಲ್ಲಿ ಈ ಸಾಹಸಕ್ಕೆ ಇಳಿಯದಂತೆ ಮನೆಯವರು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು.

ದಂಡೆಯ ಮೇಲಿರುವ ಸಂಪತ್ತು

ಹಾಗಾದರೆ ಕಾರವಾರ, ಅಂಕೋಲೆಗಳ ಮಕ್ಕಳು ಏನು ಮಾಡಬೇಕು? ಅವರಿಗೆ ಬೇಕಾದುದು ಅವರ ಕಾಲಕೆಳಗೇ ಇದೆ. ಸಡಿಲ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಶಕ್ತಿ ಬೇಕೆಂದು ಪ್ರಯೋಗಗಳು ತೋರಿಸಿವೆ. ಕಾಲಿನ ಬಲಕ್ಕೆ ಇದಕ್ಕಿಂತ ಅಗ್ಗದ ಯಂತ್ರವಿಲ್ಲ. ವೇಗಕ್ಕೆ ಮಾತ್ರ ಹಸಿಯಾದ ಗಟ್ಟಿ ಮರಳೋ ಮೈದಾನವೋ ಬೇಕು. ಸಡಿಲ ಮರಳಿನಲ್ಲಿ ಕಾಲುಗಳು ಚುರುಕಾಗುವುದಿಲ್ಲ. ದಂಡೆಯು ಕಡಲಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಮೊಣಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಹೋದಷ್ಟೇ ದೂರ ಹಿಂದಿರುಗಿ ಓಡಬೇಕು. ಬರಿಗಾಲಿನಲ್ಲಿ ಓಡುವವರು ಗಾಜಿನ ಚೂರು, ಚಿಪ್ಪು, ಮುರಿದ ಗಾಳಗಳನ್ನು ಮೊದಲು ನೋಡಿಕೊಳ್ಳಬೇಕು.

ಹಿರಿಯರು ಹಳಿಯುವ ಸೆಕೆಯೂ ವ್ಯರ್ಥವಲ್ಲ. ಬಿಸಿಲಿನ ಅಭ್ಯಾಸಕ್ಕೆ ಒಗ್ಗಿದ ಓಟಗಾರನ ರಕ್ತದಲ್ಲಿ ದ್ರವಾಂಶ ಹೆಚ್ಚುತ್ತದೆ, ಬೆವರುವಿಕೆ ಬೇಗ ಆರಂಭವಾಗುತ್ತದೆ. ಇದನ್ನು ಬಡವರ ಬೆಟ್ಟವೆಂದು ಕರೆಯುವವರೂ ಉಂಟು. ಆದರೆ ಇದಕ್ಕೂ ಮಿತಿಯಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಓಡಿಸುವುದು ತರಬೇತಿಯಲ್ಲ, ಹಿಂಸೆ. ಬೆಳಗಿನ ತಂಪಿನಲ್ಲಿ ಓಡಿ, ನೀರು, ಮಜ್ಜಿಗೆ, ಗಂಜಿಗಳನ್ನು ಧಾರಾಳವಾಗಿ ಕುಡಿಯಬೇಕು.

ಇನ್ನುಳಿದದ್ದು ನಿದ್ರೆ. ಬೆಳೆಯುವ ಮಗುವಿಗೆ ಎಂಟು ಒಂಬತ್ತು ಗಂಟೆಯ ನಿದ್ರೆ ಯಾವ ಎತ್ತರದ ಕೋಣೆಗಿಂತಲೂ ಹೆಚ್ಚಿನ ಫಲ ಕೊಡುತ್ತದೆ. ವಾರದಲ್ಲಿ ಎರಡು ದಿನ ಪೂರ್ಣ ವೇಗದ ಓಟ, ಉಳಿದ ದಿನಗಳಲ್ಲಿ ಹಗುರ ಓಟ ಮತ್ತು ಆಟ, ಒಂದು ದಿನ ವಿಶ್ರಾಂತಿ: ಇಷ್ಟು ಕ್ರಮವನ್ನು ಎರಡು ಮೂರು ವರ್ಷ ತಪ್ಪದೆ ನಡೆಸಿಕೊಂಡು ಹೋಗುವ ತಾಳ್ಮೆ ಬೇಕು.

ಆ ಹುಡುಗಿಯ ತಂದೆಯನ್ನು ಮೂರು ತಿಂಗಳ ಬಳಿಕ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಮತ್ತೆ ಕಂಡೆವು. ವೈದ್ಯರ ಔಷಧ ನಡೆದಿದೆ; ಹಿಮೋಗ್ಲೋಬಿನ್ 11.3ಕ್ಕೆ ಏರಿದೆ, ಊಟದ ಮೇಲಿನ ಚಹಾ ನಿಂತಿದೆ. “ಕಡೀ ನೂರು ಮೀಟರಿನಾಗ ಈಗ ಆಕಿ ಹಿಂದ ಬೀಳೂದಿಲ್ರೀ” ಎಂದು ಅವರು ನಕ್ಕರು. ಮುಖವಾಡ ಏನಾಯಿತೆಂದು ಕೇಳಿದೆವು. ಕಪಾಟಿನಲ್ಲಿದೆಯಂತೆ, ತಮ್ಮನು ಅದನ್ನು ಕಟ್ಟಿಕೊಂಡು ರಾಕ್ಷಸನ ವೇಷ ಹಾಕುತ್ತಾನಂತೆ.

ಮಕ್ಕಳ ಏಳಿಗೆಗಾಗಿ ಸಾವಿರಾರು ರೂಪಾಯಿ ಖರ್ಚು ಮಾಡಲು ಸಿದ್ಧರಿರುವ ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಬೆಟ್ಟದ ಗಾಳಿಯನ್ನು ಹುಡುಕಿ ಹೋಗುವ ಮೊದಲು ಮನೆಯ ಮಗಳ ಉಗುರು, ನಾಲಿಗೆ, ಕಣ್ಣುರೆಪ್ಪೆಯ ಒಳಬದಿಗಳನ್ನು ಒಮ್ಮೆ ಬೆಳಕಿನಲ್ಲಿ ನೋಡಿರಿ. ಅವು ಬಿಳಿಚಿದ್ದರೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿರಿ.